ಜೋಳದ ಕಾಳಿನಷ್ಟು ಗಡ್ಡೆ

ಹಾಲುಕೇಂದ್ರದ ಕಿಟಕಿ ಮುಂದಿನ ಸಾಲಿನಲ್ಲಿ ಸರ್ವಮಂಗಳ ಮಗುವನ್ನು ಎದೆಗವಚಿಕೊಂಡು ನಿಂತಿದ್ದಳು. ಹೆತ್ತ ತಾಯಂದಿರಿಗೆ ಎದೆಹಾಲು ಬರುವುದು ನಿಂತು ಒಂದು ತಲೆಮಾರೇ ಕಳೆದಿತ್ತು. ಹಸುವಿನ ಹಾಲಾಗಲಿ ಹಾಲಿನ ಪುಡಿಯಾಗಲಿ ಈಗಿನ ಕೂಸುಗಳಿಗೆ ಒಗ್ಗುತ್ತಿರಲಿಲ್ಲ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಜೋಳದ ಕಾಳಿನಷ್ಟು ಗಡ್ಡೆಯಿದ್ದ ಹೆಂಗಸರಿಗೆ ಮಾತ್ರ, ಬಸಿರಾಗದೆಯೇ, ಹಾಲು ಸುರಿಯುತ್ತಿತ್ತು. ಆ ಗಡ್ಡೆಯಿಂದ ಜೀವಕ್ಕೇನೂ ಅಪಾಯವಿಲ್ಲ. ಅದಿರುವವರೆಗೆ ಮುಟ್ಟಾಗುವುದಿಲ್ಲ, ಮಕ್ಕಳಾಗುವುದಿಲ್ಲ, ಅಷ್ಟೇ.

ಸರ್ವಮಂಗಳ ಅಂಥವಳೇ. ಎಷ್ಟೋ ವರ್ಷ ಇದೇ ಕಿಟಕಿಯ ಆಚೆ ಕುರ್ಚಿಯಲ್ಲಿ ಕೂತು ಊರಿನ ಕೂಸುಗಳಿಗೆ ಹಾಲು ಹಿಂಡಿ ಕೊಟ್ಟಿದ್ದಳು. ಕೊನೆಗೆ ತನಗೂ ಒಂದು ಮಗು ಬೇಕೆನಿಸಿ, ಕದ್ದು ಮಾತ್ರೆ ನುಂಗಿದಳು. ಗಡ್ಡೆ ಕರಗಿತು, ಹಾಲು ಬತ್ತಿತು, ಬಸಿರಾಗಿ ಈ ಮಗುವನ್ನು ಹೆತ್ತಳು.

ಅವಳ ಸರದಿ ಬಂದಾಗ ಹಾಲು ಹಂಚುವ ಫಿಲೋಮಿನಾ ಸಿಸ್ಟರ್ ಖಾಲಿ ಪಾತ್ರೆಯನ್ನು ಓರೆ ಮಾಡಿ ತೋರಿಸಿದಳು.

"ಮುಗೀತ್ರಿ ಮಂಗಳಕ್ಕ. ಇವತ್ತೂ ಸಾಲ್ಲಿಲ್ಲ."

"ನಿನ್ನೆನೂ ಹಿಂಗೇ ಅಂದ್ರಿ ಸಿಸ್ಟರ್. ಕೂಸು ಅಳೋದನ್ನೇ ಬಿಟ್ಟೈತಿ."

"ನಾನೇನ್ ಮಾಡ್ಲಿ ಹೇಳ್ರಿ? ನಿಮ್ಮ ಕುರ್ಚಿಗೆ ಇನ್ನೂ ಯಾರೂ ಸಿಕ್ಕಿಲ್ಲ."

ಕಿಟಕಿಯಾಚೆ ಆ ಕುರ್ಚಿ ಹಾಗೇ ಇತ್ತು. ಅವಳು ಬೆನ್ನಿಗಿಟ್ಟುಕೊಳ್ಳುತ್ತಿದ್ದ ದಿಂಬೂ ಇತ್ತು.

ಸರ್ವಮಂಗಳ ಗೋಡೆಗೊರಗಿ ಕೂತು, ಸೆರಗಿನ ಮರೆಯಲ್ಲಿ ಮಗುವಿನ ಬಾಯಿಗೆ ಬತ್ತಿದ ಮೊಲೆಯಿಟ್ಟಳು. ಮಗು ಒಂದೆರಡು ಸಲ ಚೀಪಿ ಬಿಟ್ಟುಬಿಟ್ಟಿತು. ಗಡ್ಡೆಯಿದ್ದಾಗ ಬೆಳಗೆದ್ದರೆ ತಲೆ ಸಿಡಿಯುತ್ತಿತ್ತು. ಆ ನೋವಿಗೆ ಎಷ್ಟು ಶಾಪ ಹಾಕಿದ್ದಳೋ. ಈಗ ಹಣೆಯನ್ನು ಅಂಗೈಯಿಂದ ಒತ್ತಿ ಹಿಡಿದು, ಅದು ಒಂದೇ ಒಂದು ಸಲ ಮರಳಿ ಬರಲಿ ಎಂದು ಕಾದಳು.

ತಲೆ ಹೂವಿನಷ್ಟು ಹಗುರವಾಗಿತ್ತು.