ಹರಿದ ಬೆಲ್ಟ್

ಸ್ಕೂಟರಿನ ಪಕ್ಕದ ಮುಚ್ಚಳ ಬಿಚ್ಚಿದ ಮೆಕ್ಯಾನಿಕ್ ಎಲ್ಪಿಡಿಯೊ ಹಾಗೇ ಕುಳಿತುಬಿಟ್ಟ. ಮರಳು ಮೆತ್ತಿದ್ದರೂ ಚಕ್ರ ತಿರುಗಿಸುವ ಡ್ರೈವ್ ಬೆಲ್ಟಿಗೆ ಏನೂ ಆಗಿರಲಿಲ್ಲ. ಹೋದ ತಿಂಗಳು ಅವನೇ ಹಾಕಿಕೊಟ್ಟಿದ್ದ ಹೊಸ ಬೆಲ್ಟ್.

ಬೆನ್ನ ಹಿಂದೆ ನೆನಿತಾ ಜಪಮಾಲೆ ಹಿಡಿದು ನಿಂತಿದ್ದಳು. ಅವಳ ಮಗ ಜೆರಿಕ್ ಬೊಹೋಲ್ ದ್ವೀಪದ ಕಡಲದಾರಿಯ ತಿರುವಿನಲ್ಲಿ ಈ ಸ್ಕೂಟರಿನ ಸಮೇತ ನೀರಿಗೆ ಬಿದ್ದು ಸತ್ತಿದ್ದ. ಬೇಕೆಂದೇ ಬಿದ್ದನೆಂದು ಊರೆಲ್ಲ ಗುಸುಗುಸು. ಅವನ ಅಪ್ಪನಂತೂ ಅದನ್ನೇ ನಂಬಿ, ಸತ್ತ ಮಗನಿಗಾಗಿ ಮನೆಯಲ್ಲಿ ನಡೆಯುತ್ತಿದ್ದ ಒಂಬತ್ತು ದಿನದ ಪ್ರಾರ್ಥನೆಗೂ ಬಾರದೆ ದೋಣಿಯಲ್ಲೇ ಮಲಗುತ್ತಿದ್ದ.

“ಬೆಲ್ಟ್ ಹರಿದು ಚಕ್ರ ಕಚ್ಕೊಂಡು ಬಿದ್ನಾ, ತಮ್ಮಾ? ಅದೊಂದು ಹೇಳ್ಬಿಡು.”

ಎಲ್ಪಿಡಿಯೊ ಅವಳಿಗೆ ಕಾಣದಂತೆ ಮೈ ಅಡ್ಡ ಮಾಡಿಕೊಂಡು, ಮೂಲೆಯ ಮೊಳೆಗೆ ನೇತುಹಾಕಿದ್ದ ಹಳೆಯ ಬೆಲ್ಟುಗಳಲ್ಲಿ ಹರಿದದ್ದೊಂದನ್ನು ಎಳೆದು ಅವಳ ಕೈಗಿಟ್ಟ. “ಹೂಂ ಅಕ್ಕಾ. ನಾನು ಹಾಕಿದ್ದೇ ಸರಿಯಿರ್ಲಿಲ್ಲ. ಹುಡುಗಂದೇನೂ ತಪ್ಪಿಲ್ಲ.”

ನೆನಿತಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಹೊಸ ಬೆಲ್ಟಿಗೆ ಆಗ್ಲೇ ಜೇಡ ಬಲೆ ಕಟ್ಟಿದ್ಯಲ್ಲೋ.”

ಅವನು ಸ್ಕೂಟರಿನ ಮುಚ್ಚಳ ಎತ್ತಿ ಮತ್ತೆ ಬಿಗಿಯತೊಡಗಿದ. ಅವಳು ಲಂಗದ ಅಂಚಿನಿಂದ ಬಲೆಯನ್ನು ಒಂದೆಳೆಯೂ ಉಳಿಯದಂತೆ ಒರೆಸಿದಳು.

“ಇದನ್ನ ಅವ್ನ ಅಪ್ಪಂಗೆ ತೋರಿಸ್ತೀನಿ. ಇವತ್ತು ಕೊನೇ ಪ್ರಾರ್ಥನೆ. ಅದಕ್ಕಾದ್ರೂ ಬರ್ಲಿ.”