ಮೇಲಿನ ಸಾಲು, ಬಲಗಡೆ

"ಬೆರಳು ತೋರಿಸಿದ್ರೆ ನಮಗೆ ಗೊತ್ತಾಗಲ್ಲಮ್ಮ. ಎಲ್ಲಿದ್ದಾರೆ ಅಂತ ಬಾಯಲ್ಲೇ ಹೇಳಿ," ಎಂದರು ಪರದೆಯೊಳಗಿನ ನ್ಯಾಯಾಧೀಶರು.

ಗಿರಣಿಯಮ್ಮ ಎತ್ತಿದ ಬೆರಳನ್ನು ಮಡಚಿಕೊಂಡಳು. ಎಷ್ಟು ತೊಳೆದರೂ ಉಗುರಿನ ಸಂದಿಯ ಹಿಟ್ಟು ಹೋಗಿರಲಿಲ್ಲ. ಊರಿನ ಗ್ರಂಥಾಲಯದ ಹಿಂದಿನ ಕೋಣೆ, ಒಂದು ಮೇಜು, ಒಂದು ಕಂಪ್ಯೂಟರ್. ಹಳ್ಳಿಯವರು ಅಲೆಯಬಾರದೆಂದು ಕೋರ್ಟೇ ಊರಿಗೆ ಬಂದಿತ್ತು. ಮೆಟ್ಟಿಲು ಹತ್ತದೆಯೇ ಕೋರ್ಟು ಹತ್ತಿದ ಮೊದಲ ಹೆಂಗಸು ತಾನೇ ಎಂದು ಬೆಳಿಗ್ಗೆ ಹೊರಡುವಾಗ ನಕ್ಕಿದ್ದಳು. 

ಅವಳು ಕಂಡದ್ದು ಇಷ್ಟೇ. ಗಿರಣಿಯ ಎದುರಿನ ತಿರುವಿನಲ್ಲಿ ಕಲ್ಲು ಕ್ವಾರಿಯ ಲಾರಿ ಅಂಚೆಯಣ್ಣನ ಸೈಕಲ್ಲಿನ ಮೇಲೆ ಹರಿಯಿತು. ಸ್ಟೀರಿಂಗ್ ಹಿಡಿದಿದ್ದವನು ಕ್ವಾರಿಯ ಧಣಿ. ಪಕ್ಕದಲ್ಲಿ ಕೂತಿದ್ದವನು ಅವನ ಡ್ರೈವರ್. ಪೊಲೀಸರು ಬರುವಷ್ಟರಲ್ಲಿ ಇಬ್ಬರ ಜಾಗವೂ ಅದಲುಬದಲಾಗಿತ್ತು. ಅಂಚೆಯಣ್ಣ ಮಣ್ಣು ಸೇರಿದ, ಡ್ರೈವರ್ ಜೈಲು ಸೇರಿದ, ಧಣಿ ಮನೆ ಸೇರಿದ. ಕಣ್ಣಾರೆ ಕಂಡವಳು ಇವಳೊಬ್ಬಳೇ. ಗಿರಣಿ ನಿಂತಿರುವ ಜಾಗವೋ, ಧಣಿಯದು.

ನಿನ್ನೆ ಧಣಿಯ ಕಡೆಯವರು ಮನೆಗೇ ಬಂದಿದ್ದರು. "ಗಿರಣಿ ಚೆನ್ನಾಗಿ ನಡೀತಿದೆ ಅಲ್ವಾ? ಹಾಗೇ ನಡೀಲಿ," ಎಂದಷ್ಟೇ ಹೇಳಿ ಹೋದರು. ಅವರ ಹಿಂದೆಯೇ ಡ್ರೈವರನ ತಾಯಿ ಬಂದಳು. ಏನೂ ಕೇಳಲಿಲ್ಲ. ಹೊಸ್ತಿಲಲ್ಲಿ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಈಗಲೂ ಅವಳು ಪಕ್ಕದ ಓದುವ ಕೋಣೆಯಲ್ಲಿದ್ದಳು. ಮಗನ ಮುಖವಾದರೂ ಕಾಣಲಿ ಎಂದು ಗ್ರಂಥಾಲಯದ ಮೇಡಂ ಅಲ್ಲಿನ ಹಳೆಯ ಕಂಪ್ಯೂಟರಿನ ಮುಂದೆ ಅವಳನ್ನು ಕೂರಿಸಿದ್ದರು.

ಮೇಡಂ ಇವಳಿಗೂ ಪಾಠ ಹೇಳಿದ್ದರು. "ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ನೆಟ್‌ವರ್ಕ್ ನಂಬೋ ಹಾಗಿಲ್ಲ. ಅವರು ಹೋಗಿ ಅಂದಮೇಲೆ ನಾವಾಗಿ ಮತ್ತೆ ಸೇರೋಕಾಗಲ್ಲ, ಅವರೇ ಕರೀಬೇಕು."

ವಿಚಾರಣೆ ಶುರುವಾಗುವ ಹೊತ್ತಿಗೇ ಕರೆಂಟು ಕಣ್ಣುಮುಚ್ಚಾಲೆ ಆಡಿತು. ಅವಳ ಮುಂದಿದ್ದ ಪರದೆ ಆರಿ ಹೊತ್ತಿಕೊಂಡಾಗ ಅದರೊಳಗಿನ ಮುಖಗಳೆಲ್ಲ ಕುರ್ಚಿಯಾಟ ಆಡಿದಂತೆ ಬೇರೆ ಬೇರೆ ಚೌಕಗಳಲ್ಲಿ ಕೂತಿದ್ದವು. ಮೇಲಿನ ಸಾಲಿನಲ್ಲಿದ್ದ ಡ್ರೈವರ್ ಕೆಳಗಿಳಿದಿದ್ದ. ಅವನ ಪಕ್ಕ ಜೈಲಿನ ಪೊಲೀಸಿನವನ ಭುಜವಷ್ಟೇ ಕಾಣುತ್ತಿತ್ತು. ಲಾರಿ ಮಾಲೀಕನೆಂದು ತನ್ನ ಆಫೀಸಿನಿಂದಲೇ ಹಾಜರಾಗಿದ್ದ ಧಣಿ ಮೇಲಿನ ಸಾಲಿಗೆ ಏರಿ ಬಲತುದಿಯಲ್ಲಿ ಕೂತಿದ್ದ. ದೊಡ್ಡವರಿಗೆ ಅಲ್ಲೂ ಮೇಲಿನ ಜಾಗವೇ ಎಂದುಕೊಂಡಳು ಗಿರಣಿಯಮ್ಮ.

ಡ್ರೈವರನ ಕಡೆಯ ವಕೀಲರೇ ಅವಳನ್ನು ಸಾಕ್ಷಿಗೆ ಕರೆಸಿದ್ದರು. ಅವರು ಧಣಿಯ ಹೆಸರೆತ್ತಿದ ಕೂಡಲೇ ಸರ್ಕಾರಿ ವಕೀಲರು ಅಡ್ಡಬಂದರು. ಸಾಕ್ಷಿಗೆ ಹೇಳಿಕೊಡಬಾರದು ಎಂದರು.

"ಯಾರೂ ಹೆಸರೆತ್ತಬೇಡಿ," ಎಂದಿದ್ದರು ನ್ಯಾಯಾಧೀಶರು. "ಅಮ್ಮ, ಆವತ್ತು ಲಾರಿ ಓಡಿಸ್ತಿದ್ದೋರು ಇಲ್ಲಿ ಕಾಣ್ತಿದ್ದಾರಾ? ಕಂಡರೆ ತೋರಿಸಿ."

ಆಗಲೇ ಅವಳು ಬೆರಳೆತ್ತಿದ್ದು.

ಗಿರಣಿ ಹೋದರೆ ಹೋಗಲಿ. ಗಿರಣಿಯಮ್ಮ ಪರದೆಯತ್ತ ಬಾಗಿದಳು. ಬೆನ್ನ ಹಿಂದೆ ಕೂಡ ಧಣಿಯನ್ನು ಏಕವಚನದಲ್ಲಿ ಕರೆದವಳಲ್ಲ. ಇವತ್ತು ಕರೆದಳು.

"ಮೇಲಿನ ಸಾಲು, ಬಲಗಡೆ. ಕೊನೇಲಿ ಕೂತಿದ್ದಾನಲ್ಲ ಸ್ವಾಮಿ, ಅವನೇ."

 ಡ್ರೈವರನ ವಕೀಲರು ಬಾಯಿ ತೆರೆದವರು ಹಾಗೇ ಉಳಿದರು. ಹಿಟ್ಟಿನ ಗಿರಣಿಯ ಹೆಂಗಸಿಗೆ ಇಷ್ಟು ಎದೆಗಾರಿಕೆ ಇದ್ದೀತೆಂದು ಅವರೂ ಎಣಿಸಿರಲಿಕ್ಕಿಲ್ಲ.

"ಅಮ್ಮ, ಇನ್ನೊಂದ್ಸಲ ಸರಿಯಾಗಿ ನೋಡಿ ಹೇಳಿ," ಎಂದರು ವಕೀಲರು. 

"ನೋಡೇ ಹೇಳ್ತಿದೀನಿ. ನೂರಕ್ಕೆ ನೂರು ಅವನೇ."

ನ್ಯಾಯಾಧೀಶರು ಮುಂದಕ್ಕೆ ಬಾಗಿದರು. "ಯಾರಾದ್ರೂ ಹೆದರಿಸಿ ಹೀಗೆ ಹೇಳಿಸ್ತಿದ್ದಾರಾ?"

"ಇಲ್ಲ ಸ್ವಾಮಿ. ಹೇಳಬೇಡ ಅಂತ ಹೆದರಿಸಿದ್ರು. ಆದ್ರೂ ಹೇಳ್ತಿದೀನಿ."

"ಯಾರು ಹೆದರಿಸಿದ್ದು?"

"ಅವನ ಕಡೆಯವರೇ. ನಿನ್ನೆ ಮನೆಗೇ ಬಂದಿದ್ರು."

ಡ್ರೈವರನ ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇನ್ನೇನೂ ಕೇಳುವುದಿಲ್ಲ ಎಂದರು. ನ್ಯಾಯಾಧೀಶರು ಪಕ್ಕಕ್ಕೆ ತಿರುಗಿ ಯಾರಿಗೋ ಬರೆಸತೊಡಗಿದರು. ಮೈಕು ಬಂದ್ ಆಗಿತ್ತು, ತುಟಿಗಳಷ್ಟೇ ಆಡುತ್ತಿದ್ದವು. ಕೆಳಗಿನ ಚೌಕದಲ್ಲಿ ಡ್ರೈವರ್ ಎದ್ದು ನಿಂತು ಕೈ ಬೀಸಿ ಏನೋ ಕೂಗಿದ. ಅವನ ದನಿಯೂ ಬಂದ್. ಪೊಲೀಸಿನವನು ಭುಜ ಒತ್ತಿ ಕೂರಿಸಿದ. ಹುಡುಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಪಾಪ, ಸಂತೋಷ ತಡೆಯಲಾಗಲಿಲ್ಲ ಎಂದು ಗಿರಣಿಯಮ್ಮನ ಕಣ್ಣೂ ತುಂಬಿತು.

ಧಣಿ ಮಾತ್ರ ಟೀ ಕುಡಿಯುತ್ತಿದ್ದ. ಲೋಟದ ಹಿಂದೆ ಸಣ್ಣಗೆ ನಗುತ್ತಿದ್ದ. ಸಿಕ್ಕಿಬಿದ್ದರೂ ಜಂಬ ಬಿಡಲಿಲ್ಲ ನೋಡು ಎಂದುಕೊಂಡಳು.

"ನಿಜ ಹೇಳೋಕೆ ಧೈರ್ಯ ಬೇಕಮ್ಮ. ನೀವಿನ್ನು ಹೋಗಬಹುದು," ಎಂದರು ನ್ಯಾಯಾಧೀಶರು. ಪರದೆ ಕಪ್ಪಾಯಿತು.

ಎದ್ದಾಗ ಎದೆ ಹಗುರವಾಗಿತ್ತು. ಓದುವ ಕೋಣೆಯ ಬಾಗಿಲು ತಳ್ಳಿದಳು. "ಹೇಳಿಬಿಟ್ಟೆ ಕಣೆ," ಎಂದಳು. "ಯಾರಿಗೂ ಹೆದರಲಿಲ್ಲ."

ಡ್ರೈವರನ ತಾಯಿ ತಿರುಗಿ ನೋಡಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಮೇಡಂ ಕೂಡ ಕಣ್ಣು ತಪ್ಪಿಸಿದರು.

"ನನ್ನ ಮಗ ನಿನಗೇನು ಮಾಡಿದ್ದ ಅಕ್ಕ?" ಎಂದಳು ತಾಯಿ, ಕಂಪ್ಯೂಟರಿನಿಂದ ಕಣ್ಣು ಕೀಳದೆ. "ನಾನು ನಿನ್ನೆ ನಿನ್ನ ಹೊಸ್ತಿಲಲ್ಲಿ ಕೂತು ಅತ್ತಿದ್ದು ಹೆದರಿಸಿದ ಹಾಗಿತ್ತಾ?"

ಗಿರಣಿಯಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದಳು.

ಹಳೆಯ ಕಂಪ್ಯೂಟರಿನಲ್ಲಿ ಕೋರ್ಟು ಇನ್ನೂ ನಡೆಯುತ್ತಿತ್ತು. ಅಲ್ಲಿ ಧಣಿ ಕೆಳಗಿನ ಸಾಲಿನಲ್ಲಿ ಟೀ ಲೋಟ ಕೆಳಗಿಡುತ್ತಿದ್ದ. ಮೇಲಿನ ಸಾಲು, ಬಲಗಡೆ, ಕೊನೆಯಲ್ಲಿ, ಪೊಲೀಸಿನವನ ಭುಜದ ಪಕ್ಕ ಮುಖ ಮುಚ್ಚಿಕೊಂಡು ಕೂತಿದ್ದವನು ಡ್ರೈವರ್.