ದೃಷ್ಟಿ ತೆಗೆದ ಮೆಣಸಿನಕಾಯಿ

ಒಣಮೆಣಸಿನಕಾಯಿ ಸುಟ್ಟ ಘಾಟು ಮೂಗಿಗೆ ಬಡಿದರೆ ಈಗಲೂ ಆ ಶನಿವಾರದ ಮಧ್ಯಾಹ್ನ ನೆನಪಾಗುತ್ತದೆ.

ಅಣ್ಣ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿದ್ದ; ಚೆಂಡು ಹಿಡಿದು ಓಡುವವರನ್ನು ಗುದ್ದಿ ಕೆಡವುವುದೇ ಅವನ ಕೆಲಸ. ಅಮೆರಿಕದ ಪೇರ್‌ಲ್ಯಾಂಡ್ ಊರಿನ ನಮ್ಮ ಮನೆಯಲ್ಲಿ ಅಮ್ಮ ಸೀಸನ್ ಪೂರ್ತಿ, ಟಿವಿಯಲ್ಲಿ ಅವನ ಮುಖ ಕಂಡೊಡನೆ ಉಪ್ಪು-ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದಳು. ಕೊನೆಯ ಪಂದ್ಯದಲ್ಲಿ, ಚೆಂಡು ಹಿಡಿದು ಓಡುತ್ತಿದ್ದ ಎದುರು ತಂಡದ ಹುಡುಗನಿಗೆ ಅಣ್ಣ ಗೂಳಿಯಂತೆ ಗುದ್ದಿದ. ಹುಡುಗನ ಹೆಲ್ಮೆಟ್ ಕಿತ್ತು ಹಾರಿತು, ಬಾಯಿಂದ ರಕ್ತ ಚಿಮ್ಮಿತು. ನಾನು ಸೋಫಾ ಹತ್ತಿ "ಕಿಲ್ ಹಿಮ್!" ಎಂದು ಕಿರುಚಿದೆ. ಮೂಳೆ ಡಾಕ್ಟರಾದ ಅಪ್ಪ ಚಪ್ಪಾಳೆ ನಿಲ್ಲಿಸಿ, "ಆ ಹುಡುಗನ ಕಾಲು ಅಲ್ಲಾಡ್ತಿಲ್ಲ ಕಣೇ" ಎಂದರು ಅಮ್ಮನಿಗೆ.

ಟಿವಿಯಲ್ಲಿ ಅಣ್ಣ ಎದೆ ತಟ್ಟಿಕೊಂಡು ಕುಣಿಯುತ್ತಿದ್ದ. ಉಪ್ಪು-ಮೆಣಸಿನಕಾಯಿ ಹಿಡಿದಿದ್ದ ಅಮ್ಮ ಕೈ ಎತ್ತಲಿಲ್ಲ. ಬಿದ್ದ ಹುಡುಗನನ್ನು ಮತ್ತೆ ತೋರಿಸಿದಾಗ ಅವನಿಗೆ ಮೂರು ಸುತ್ತು ನಿವಾಳಿಸಿ, ಎಲ್ಲವನ್ನೂ ನನ್ನ ಮುಷ್ಟಿಗೆ ತುರುಕಿದಳು.

"ಒಲೆಗೆ ನೀನೇ ಹಾಕು."

ಹಾಕಿದೆ. ಉಸಿರು ಕಟ್ಟುವಷ್ಟು ಕೆಮ್ಮಿದೆ. ಯಾರೂ ಬೆನ್ನು ಸವರಲಿಲ್ಲ.